ಚಿರೆಕಲ್ಲೋ ಸೈಜುಗಲ್ಲೋ: ಮಲೆನಾಡಿನ ಗೋಡೆಗೆ ಕಲ್ಲು ಆರಿಸುವ ಮುನ್ನ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ಕಟ್ಟಿಸಲು ಹೊರಟವರು ಮೊದಲು ಕೇಳುವುದು ಯಾವ ಕಲ್ಲು ಗಟ್ಟಿ ಅಂತ. ಅದರ ಉತ್ತರ ಮಕ್ಕಳಿಗೂ ಗೊತ್ತು. ಕರಿಕಲ್ಲು, ಅಂದರೆ ಸೈಜುಗಲ್ಲು, ಗಟ್ಟಿ; ಚಿರೆಕಲ್ಲು, ಅಂದರೆ ಜಂಬಿಟ್ಟಿಗೆ, ಮೆದು. ಆದರೆ ಹೈದರಾಲಿ 1763ರಲ್ಲಿ ವಶಪಡಿಸಿಕೊಂಡ, ನಗರ ಎಂಬ ಊರಿನ ಕೋಟೆಯ ಜಂಬಿಟ್ಟಿಗೆ ಗೋಡೆ ಅಷ್ಟೂ ಮಳೆಗಾಲ ಉಂಡು ಇವತ್ತಿಗೂ ನಿಂತಿದೆ. ನಮ್ಮ ಕೊಟ್ಟಿಗೆಯ ಹಿಂಗೋಡೆ, ಅದೂ ಜಂಬಿಟ್ಟಿಗೆಯದೇ, ಹದಿನಾಲ್ಕನೇ ಮಳೆಗಾಲಕ್ಕೆ ಬುಡದಲ್ಲಿ ಕರಗಿ ಹೊಟ್ಟೆ ಬಿಟ್ಟಿತು. ಒಂದೇ ಜಾತಿಯ ಕಲ್ಲಿಗೆ ಎರಡು ಗತಿ ಯಾಕೆ ಎಂದು ತಲೆ ಕೆಡಿಸಿಕೊಂಡು ಮೇಸ್ತ್ರಿಗಳನ್ನು ಕೇಳಿದೆ, ಪುಸ್ತಕ ತಿರುವಿದೆ, ಕಲ್ಲು ತೂಗಿದೆ. ಗೋಡೆ ಕೆಡವಿ ಮತ್ತೆ ಕಟ್ಟಿಸುವಷ್ಟರಲ್ಲಿ ಒಂದು ವಿಷಯ ಮನಸ್ಸಿಗೆ ಗಟ್ಟಿಯಾಯಿತು: ನಮ್ಮ ಊರಿನಲ್ಲಿ ಕಲ್ಲನ್ನು ಅಳೆಯಬೇಕಾದದ್ದು ಅದು ನೆಂದಿರುವಾಗ. ಬೇಸಿಗೆಯಲ್ಲಿ ಕ್ವಾರಿಯ ಮುಂದೆ ನಿಂತು ನೋಡಿದ ಗಟ್ಟಿತನ ಆರಿದ್ರಾ ಮಳೆಯಲ್ಲಿ ಇರುತ್ತದೆ ಎಂದು ನಂಬುವಂತಿಲ್ಲ.

ಗೋಡೆಗೆ ಎಷ್ಟು ಬಲ ಬೇಕು?

ಇದನ್ನು ಲೆಕ್ಕ ಹಾಕದೆ ಕಲ್ಲು ಹೋಲಿಸಲು ಕೂರುವುದು ಚಪ್ಪಲಿ ಅಳತೆ ಗೊತ್ತಿಲ್ಲದೆ ಅಂಗಡಿಗೆ ಹೋದಂತೆ. ಒಂಬತ್ತು ಇಂಚು ದಪ್ಪ, ಹತ್ತು ಅಡಿ ಎತ್ತರದ ಚಿರೆಕಲ್ಲಿನ ಗೋಡೆ ಒಂದು ಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ 1,400 ಕೆ.ಜಿ. ತೂಗುತ್ತದೆ. ಮೇಲೆ ಮಂಗಳೂರು ಹೆಂಚು, ರೀಪು, ಪಕಾಸಿ, ತೊಲೆ ಎಲ್ಲ ಸೇರಿಸಿದರೂ ಬುಡಕ್ಕೆ ಬೀಳುವ ಭಾರ ಎರಡು ಟನ್ ದಾಟುವುದಿಲ್ಲ. ಆ ಒಂದು ಮೀಟರ್ ಬುಡದ ವಿಸ್ತೀರ್ಣ 2,300 ಚದರ ಸೆಂ.ಮೀ. ಅಂದರೆ ಪ್ರತಿ ಚದರ ಸೆಂ.ಮೀ.ಗೆ ಒಂದು ಕೆ.ಜಿ.ಗೂ ಕಡಿಮೆ.

ಜಂಬಿಟ್ಟಿಗೆಗೆ ಭಾರತೀಯ ಮಾನಕ (ಸರಕಿನ ಗುಣಮಟ್ಟದ ನಿಯಮ) ಕೇಳುವ ಕನಿಷ್ಠ ಒತ್ತಡ ಬಲ, ಅಂದರೆ ಒಡೆಯದೆ ಹೊರಬೇಕಾದ ಭಾರ, ಚದರ ಸೆಂ.ಮೀ.ಗೆ 35 ಕೆ.ಜಿ. ಗ್ರಾನೈಟಿಗೆ ಕೇಳುವುದು 1,000 ಕೆ.ಜಿ. ಹೆಂಚಿನ ಮನೆಗೆ ಇಬ್ಬರೂ ಬೇಕಾದ್ದಕ್ಕಿಂತ ಎಷ್ಟೋ ಪಾಲು ಗಟ್ಟಿಗರು. ಹಾಗಾಗಿ ಕರಿಕಲ್ಲು ಮೂವತ್ತು ಪಟ್ಟು ಬಲಶಾಲಿ ಎಂಬುದು ಹೆಂಚಿನ ಮನೆ ಕಟ್ಟುವವನಿಗೆ ಉಪಯೋಗಕ್ಕೆ ಬಾರದ ಸತ್ಯ.

ತಾರಸಿ ಹಾಕಿ ಎರಡು ಅಂತಸ್ತು ಏರಿಸುತ್ತೀರಿ ಎಂದಾದರೆ ಮಾತು ಬೇರೆ. ಆಗ ಬುಡದ ಭಾರ ಚದರ ಸೆಂ.ಮೀ.ಗೆ ಎರಡೂಕಾಲು ಕೆ.ಜಿ. ಆಸುಪಾಸಿಗೆ ಬರುತ್ತದೆ. 35 ಕೆ.ಜಿ. ಇದೆಯಲ್ಲ ಎಂದು ಧೈರ್ಯ ಬೇಡ. ಅದು ಬಿಡಿ ಕಲ್ಲಿನ ಬಲ. ಕಲ್ಲು, ಗಾರೆ, ಸಂದು ಎಲ್ಲ ಕೂಡಿದ ಗೋಡೆಗೆ ಎಂಜಿನಿಯರುಗಳು ಒಪ್ಪುವ ಭಾರ ಅದರ ಹತ್ತನೇ ಒಂದು ಪಾಲು, ಅಂದರೆ ಮೂರೂವರೆ ಕೆ.ಜಿ. ಮಾತ್ರ. ಈಗ ಆ ಕಲ್ಲು ಬುಡದಲ್ಲಿ ಥಂಡಿ ಕುಡಿದು ತನ್ನ ಬಲದಲ್ಲಿ ಅರ್ಧ ಕಳೆದುಕೊಂಡಿತು ಎಂದು ಇಟ್ಟುಕೊಳ್ಳಿ. ಉಳಿದದ್ದು ಒಂದೂಮುಕ್ಕಾಲು. ಬೇಕಾದದ್ದು ಎರಡೂಕಾಲು. ಗೋಡೆ ಸೋಲುವುದು ಇಲ್ಲಿ.

ಕಣದಲ್ಲಿರುವ ಕಲ್ಲುಗಳು

ಜಂಬಿಟ್ಟಿಗೆ, ಚಿರೆಕಲ್ಲು, ಕೆಂಪುಕಲ್ಲು, ಘಟ್ಟದ ಕೆಳಗೆ ಮುರಕಲ್ಲು. ಹೆಸರು ಎಷ್ಟಿದ್ದರೂ ವಸ್ತು ಒಂದೇ. ಶ್ರೀರಂಗಪಟ್ಟಣ ಬಿದ್ದ ಮೇಲೆ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕನನ್ 1800–01ರಲ್ಲಿ ಮಲಬಾರು ಸುತ್ತಿ ಇಕ್ಕೇರಿ, ನಗರದ ಮೇಲೂ ಹಾದುಹೋದ. ಕೇರಳದ ಅಂಗಡಿಪುರಂನಲ್ಲಿ ಜನ ಈ ಕಲ್ಲನ್ನು ಮಣ್ಣಿನಂತೆ ಕಡಿದು ತೆಗೆಯುವುದನ್ನೂ, ಗಾಳಿಗೆ ಬಿಟ್ಟಮೇಲೆ ಅದು ಗಡುಸಾಗುವುದನ್ನೂ ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಿಂದ ಆ ಹೆಸರು ಲೋಕಕ್ಕೆ ಹಬ್ಬಿತು. ನಮ್ಮವರು ಅವನಿಗಿಂತ ಮೊದಲೇ ಇದರಲ್ಲಿ ಇಟ್ಟಿಗೆಯನ್ನು ಕಂಡಿದ್ದರು ಎನ್ನುವುದಕ್ಕೆ ಜಂಬಿಟ್ಟಿಗೆ ಎಂಬ ಹೆಸರೇ ಸಾಕ್ಷಿ. ನನಗೆ ಆ ಹೆಸರಿನ ಮೇಲೆ ವಿಶೇಷ ಪ್ರೀತಿ.

ಗಡುಸಾಗುವುದು ಹೇಗೆ? ಲಕ್ಷಾಂತರ ವರ್ಷದ ಮಳೆ ಬಂಡೆಯಲ್ಲಿದ್ದ ಸಿಲಿಕಾ, ಸುಣ್ಣದಂಥ ಅಂಶಗಳನ್ನು ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಉಳಿಸುತ್ತದೆ. ನೆಲದೊಳಗೆ ಅದು ಒದ್ದೆ. ಕಡಿದು ಹೊರಗಿಟ್ಟಾಗ ನೀರು ಆರಿ, ಕಬ್ಬಿಣದ ಅಂಶ ಹರಳುಗಟ್ಟಿ ಕಣಗಳನ್ನು ಬಿಗಿಯುತ್ತದೆ. ಒಮ್ಮೆ ಬಿಗಿದದ್ದು ಮತ್ತೆ ನೆಂದರೂ ಪೂರ್ತಿ ಸಡಿಲವಾಗದು. ಆದರೆ ಈ ಗುಣ ಕಲ್ಲಿನ ಎಲ್ಲ ವರಸೆಗೂ (ಪದರಕ್ಕೂ) ಒಂದೇ ಸಮ ಇಲ್ಲ. ಕ್ವಾರಿಯ ಮೇಲಿನ ವರಸೆಗಳಲ್ಲಿ ಕಬ್ಬಿಣ ಹೆಚ್ಚು. ಇಳಿದಂತೆ ಹಳದಿ, ಬಿಳಿ ಮಚ್ಚೆಗಳು ಬೆರೆಯುತ್ತವೆ. ಇನ್ನೂ ಕೆಳಗೆ ಬರೀ ಶೇಡಿ. ಆ ಬಿಳಿ ಜೇಡಿ ಒಣಗಿದಾಗ ಗಟ್ಟಿ, ನೆಂದಾಗ ಬೆಣ್ಣೆ. ನಮ್ಮ ಕೊಟ್ಟಿಗೆಗೆ ಬಂದದ್ದು ಕೆಳಗಿನ ವರಸೆಯ ಕಲ್ಲು. ಅದೂ ಜ್ಯೇಷ್ಠದಲ್ಲಿ ಕಡಿದು, ಆರಲು ಬಿಡದೆ, ಮಳೆ ಹಿಡಿಯುವ ಮುಂಚೆ ಎಂದು ಅವಸರದಲ್ಲಿ ಕಟ್ಟಿದ್ದು. ಕೊಟ್ಟವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಎರಡನೆಯದು ಕರಿಕಲ್ಲು, ಮೇಸ್ತ್ರಿಗಳ ಬಾಯಲ್ಲಿ ಸೈಜುಗಲ್ಲು. ಅಂಗಡಿಯಲ್ಲಿ ಎಲ್ಲವನ್ನೂ ಗ್ರಾನೈಟ್ ಎನ್ನುತ್ತಾರಾದರೂ ನಮ್ಮ ಕಡೆ ಸಿಗುವುದರಲ್ಲಿ ಬಹುಪಾಲು ನೈಸ್ ಎಂಬ ಪಟ್ಟೆಗಲ್ಲು. 1916ರಲ್ಲಿ ಭೂವಿಜ್ಞಾನಿ ಸ್ಮೀತ್ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟ, ಮುನ್ನೂರು ಕೋಟಿ ವರ್ಷ ಮೀರಿದ ಬಂಡೆ. ಕಪ್ಪು ಬಿಳುಪು ಪಟ್ಟೆ ಕಣ್ಣಿಗೆ ಕಾಣುತ್ತದೆ. ಆ ಪಟ್ಟೆಯ ಉದ್ದಕ್ಕೇ ಕಲ್ಲು ಸೀಳುವುದು, ಕಲ್ಲು ಒಡೆಯುವವರು ಉಳಿ ಇಡುವುದೂ ಅಲ್ಲೇ. ಆದ್ದರಿಂದ ಗೋಡೆಯಲ್ಲಿ ಪಟ್ಟೆ ಅಡ್ಡ ಮಲಗಿರಬೇಕು, ಭಾರ ಅದರ ಮೇಲೆ ನೇರ ಬೀಳಬೇಕು. ಪಟ್ಟೆ ನಿಂತ ಕಲ್ಲು ಇಸ್ಪೀಟು ಕಟ್ಟನ್ನು ನಿಲ್ಲಿಸಿ ಮೇಲಿಂದ ಒತ್ತಿದಂತೆ. ಗ್ರಾನೈಟಿನ ಮಾನಕ ಕಲ್ಲು ಕುಡಿಯಬಹುದಾದ ನೀರಿಗೆ ತೂಕದ ಅರ್ಧ ಶೇಕಡಾ ಮಿತಿ ಹಾಕುತ್ತದೆ. ಒಳ್ಳೆಯ ಕರಿಕಲ್ಲು ಅದರೊಳಗೇ ಇರುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕವಲೇದುರ್ಗದ ಕೋಟೆ ಈ ಗಟ್ಟಿಗಲ್ಲಿನ ಕೆಲಸ. ಕವಲೇದುರ್ಗದ ಗೋಡೆಯಲ್ಲಿ ದಿಮ್ಮಿಯಂಥ ಕಲ್ಲುಗಳನ್ನು ಕೂಡಿಸಿದ ಬಗೆಯನ್ನು ಮಳೆಗಾಲ ಮುಗಿದ ಕೂಡಲೇ ಹೋಗಿ ನೋಡಬೇಕು. ನೀರು ಇಳಿದ ದಾರಿ ಗೋಡೆಯ ಮೇಲೆ ಬರೆದಂತಿರುತ್ತದೆ.

ಬಳಪದ ಕಲ್ಲನ್ನು ಪಟ್ಟಿಯಿಂದ ಈಗಲೇ ತೆಗೆದುಬಿಡೋಣ. ಬಳ್ಳಿಗಾವಿಯ ಕೇದಾರೇಶ್ವರದ ಸೂಕ್ಷ್ಮ ಕೆತ್ತನೆ ಆ ಕಲ್ಲಿನ ಮೃದುತನದ ವರ. ಶಿಲ್ಪಿಗೆ ಅದು ಬೇಕು, ಕೊಟ್ಟಿಗೆಗೆ ಬೇಡ.

ಸಿಮೆಂಟ್ ಬ್ಲಾಕನ್ನು ಬಿಡುವಂತಿಲ್ಲ, ಯಾಕೆಂದರೆ ಈಗ ಊರಿಗೆ ಬರುವ ಲಾರಿಗಳಲ್ಲಿ ಅದೇ ಹೆಚ್ಚು. ಮಾನಕದ ಪ್ರಕಾರ ಗಟ್ಟಿ ಬ್ಲಾಕಿನ ಸಾಮಾನ್ಯ ದರ್ಜೆ ಚದರ ಸೆಂ.ಮೀ.ಗೆ 40 ಅಥವಾ 50 ಕೆ.ಜಿ., ನೀರಿನ ಮಿತಿ ಶೇಕಡಾ 10. ಕಾಗದದ ಮೇಲೆ ಅದು ಚಿರೆಕಲ್ಲಿಗೆ ಸಮ, ಒಂದು ಕೈ ಮೇಲೂ ಹೌದು. ಸರಿಯಾಗಿ ನೀರುಣಿಸಿದ ಬ್ಲಾಕು ಒಳ್ಳೆಯ ಸರಕೇ. ರಸ್ತೆ ಬದಿಯಲ್ಲಿ ಅಚ್ಚು ಹಾಕಿ ಮೂರನೇ ದಿನ ಲಾರಿಗೆ ಏರಿಸಿದ್ದನ್ನು ಮಾತ್ರ ಮುಟ್ಟಬೇಡಿ. ಅಚ್ಚು ಹಾಕಿದ ದಿನ ಯಾವುದು ಎಂದು ಕೇಳಿ, 28 ದಿನ ತುಂಬಿದೆಯೇ ನೋಡಿ.

ಪರೀಕ್ಷೆ ಮೂರು ಬಗೆ, ಮೂರರ ಉತ್ತರವೂ ಬೇರೆ

ಮೊದಲನೆಯದು ಕಿವಿ ಮತ್ತು ಕತ್ತಿ. ನಮ್ಮ ಮೇಸ್ತ್ರಿ ಕಲ್ಲಿಗೆ ಸುತ್ತಿಗೆಯಿಂದ ತಟ್ಟಿ ಕಿವಿ ಕೊಡುತ್ತಾರೆ. ಖಣ್ ಎಂದರೆ ಸರಿ. ಡಬ್ ಎಂದರೆ ಒಳಗೆ ಬಿರುಕೋ ಶೇಡಿಯೋ ಇದೆ. ಆಮೇಲೆ ಕತ್ತಿಯ ಮೊನೆಯಿಂದ ಕೆರೆಯುತ್ತಾರೆ. ಕೆಂಪು ಪುಡಿ ಉದುರಿದರೆ ಚಿಂತೆಯಿಲ್ಲ, ಮೊನೆ ಮೆತ್ತಗೆ ಒಳಗಿಳಿದು ಬಿಳಿ ಹಿಟ್ಟು ಬಂದರೆ ಆ ಕಲ್ಲು ಪಕ್ಕಕ್ಕೆ. ಕೊನೆಗೆ ಒಂದು ಚೊಂಬು ನೀರು ಸುರಿದು ಮೂಸುತ್ತಾರೆ. ಹೊಸ ಮಳೆಯ ಮಣ್ಣಿನ ವಾಸನೆ ಜೋರಾಗಿ ಬಂದರೆ ಜೇಡಿ ಹೆಚ್ಚಿದೆ ಎಂದು ಲೆಕ್ಕ. ದೋಷ ಇರುವ ಕಲ್ಲನ್ನು ಒಂದೊಂದಾಗಿ ಆರಿಸಿ ತೆಗೆಯಲು ಇದಕ್ಕಿಂತ ಬೇಗದ ದಾರಿ ಇಲ್ಲ, ಲಾರಿಯಿಂದ ಇಳಿಸುವಾಗಲೇ ಆಗಿಹೋಗುತ್ತದೆ. ಕರಿಕಲ್ಲಿನಲ್ಲಿ ಕೊಳೆತ ಕಲ್ಲನ್ನು ಹಿಡಿಯಲೂ ಕಿವಿ ಸಾಕು. ಆದರೆ ಕ್ವಾರಿ ಕ್ವಾರಿಯನ್ನು ಹೋಲಿಸಲು ಕಿವಿ ಸಾಲದು. ಖಣ್ ಎನ್ನುವುದರಲ್ಲಿ ಅಂಕಿ ಇಲ್ಲ.

ಎರಡನೆಯದು ಲ್ಯಾಬಿನ ಒತ್ತಡ ಯಂತ್ರ. ಕಲ್ಲನ್ನು ಒಡೆದು ಅಂಕಿ ಪಡೆಯುವ ಈ ಪದ್ಧತಿಗೆ ಇನ್ನೂರೈವತ್ತು ವರ್ಷದ ಕಥೆಯಿದೆ, ಆ ಕಥೆ ತಿಳಿದರೆ ಅಂಕಿಯನ್ನು ಎಷ್ಟು ನಂಬಬೇಕೆಂಬುದೂ ತಿಳಿಯುತ್ತದೆ. ಇಂದು ಪಾಂಥಿಯಾನ್ ಎನಿಸಿಕೊಂಡಿರುವ ಪ್ಯಾರಿಸ್ಸಿನ ಚರ್ಚನ್ನು ವಾಸ್ತುಶಿಲ್ಪಿ ಸೂಫ್ಲೋ ಕಟ್ಟಿಸುತ್ತಿದ್ದಾಗ, ಗುಮ್ಮಟದ ಭಾರವನ್ನು ಆ ಸಣ್ಣ ಕಂಬಗಳು ಹೊರಲಾರವು ಎಂದು ಪಾತ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ 1770ರಲ್ಲಿ ತಕರಾರು ಎತ್ತಿದ. ಎಂಜಿನಿಯರ್ ಗೋತೆ ಸನ್ನೆಗೋಲಿನ ಯಂತ್ರ ಮಾಡಿಸಿ ಕಲ್ಲಿನ ಸಣ್ಣ ಸಣ್ಣ ತುಂಡುಗಳನ್ನು ಒಡೆದು ನೋಡಿ 1774ರಲ್ಲಿ ಲೆಕ್ಕ ಅಚ್ಚು ಹಾಕಿಸಿದ. ಕಲ್ಲಿಗೆ ಬಲ ಬೇಕಾದಷ್ಟಿದೆ ಎಂದಿತು ಲೆಕ್ಕ. ಲೆಕ್ಕ ತಪ್ಪಿರಲಿಲ್ಲ. ಆದರೂ ಕಂಬಗಳು ಸೀಳಿದವು. ಕೆಲಸಗಾರರು ಕಲ್ಲಿನ ಅಂಚನ್ನಷ್ಟೇ ನುಣ್ಣಗೆ ಕೂಡಿಸಿ ಒಳಗನ್ನು ತಗ್ಗು ಬಿಟ್ಟು, ಮರದ ಬೆಣೆ ಕೊಟ್ಟು ಎಬ್ಬಿಸಿದ್ದರು. ಇಡೀ ಭಾರ ಅಂಚಿನ ಮೇಲೆ ಬಿತ್ತು. ಮುಂದೆ ರೋಂದೆಲೆ ಎಂಬ ವಾಸ್ತುಶಿಲ್ಪಿ ಕಂಬಗಳನ್ನು ದಪ್ಪ ಮಾಡಿ ಉಳಿಸಬೇಕಾಯಿತು. ಹೊರಮೈ ಮಾತ್ರ ಸಿಮೆಂಟಿನಿಂದ ಮೆತ್ತಿ, ಒಳಸಂದಿಗೆ ಚೂರುಕಲ್ಲು ತುರುಕಿದ ಪಾಯ ಕಂಡಾಗಲೆಲ್ಲ ನನಗೆ ಆ ಕಂಬಗಳು ನೆನಪಾಗುತ್ತವೆ.

ಲಂಡನ್ನಿನ ಕಥೆ ನಮಗೆ ಇನ್ನೂ ಹತ್ತಿರದ್ದು. 1834ರಲ್ಲಿ ಪಾರ್ಲಿಮೆಂಟ್ ಭವನ ಸುಟ್ಟುಹೋಯಿತು. ಹೊಸದಕ್ಕೆ ಕಲ್ಲು ಹುಡುಕಲು 1838ರಲ್ಲಿ ಒಂದು ಸಮಿತಿ ದೇಶ ಸುತ್ತಿತು. ವಾಸ್ತುಶಿಲ್ಪಿ ಬ್ಯಾರಿ, ಭೂವಿಜ್ಞಾನಿಗಳಾದ ಡಿ ಲಾ ಬೆಶ್ ಮತ್ತು ವಿಲಿಯಂ ಸ್ಮಿತ್, ಕಲ್ಲುಕೆಲಸ ಬಲ್ಲ ಚಾರ್ಲ್ಸ್ ಸ್ಮಿತ್ ಅದರಲ್ಲಿದ್ದರು. ಮಾದರಿಗಳನ್ನು ಕಿಂಗ್ಸ್ ಕಾಲೇಜಿನಲ್ಲಿ ವಿಜ್ಞಾನಿಗಳಾದ ಡೇನಿಯಲ್, ವೀಟ್‌ಸ್ಟನ್ ಪರೀಕ್ಷಿಸಿದರು. ಎಷ್ಟು ಭಾರಕ್ಕೆ ಒಡೆಯುತ್ತದೆ, ಎಷ್ಟು ನೀರು ಹೀರುತ್ತದೆ, ಒಳಗೇನಿದೆ, ಎಲ್ಲವನ್ನೂ ಅಳೆದರು. ಇಷ್ಟು ಜೋಪಾನವಾಗಿ ಆರಿಸಿದ ಮೆಗ್ನೀಸಿಯಂ ಸುಣ್ಣಗಲ್ಲು ಕಟ್ಟಡ ಮುಗಿಯುವ ಮೊದಲೇ ಹೊಪ್ಪಳೆ ಏಳತೊಡಗಿತು, 1861ರಲ್ಲಿ ಅದರ ವಿಚಾರಣೆಗೇ ಮತ್ತೊಂದು ಸಮಿತಿ ಕೂರಬೇಕಾಯಿತು. ಮೊದಲು ಆರಿಸಿದ ಬೋಲ್ಸೋವರ್ ಗಣಿಯಲ್ಲಿ ದೊಡ್ಡ ಕಲ್ಲು ಸಿಗದೆ ಆನ್‌ಸ್ಟನ್ ಗಣಿಗೆ ಹೋಗಿದ್ದರು. ಅಲ್ಲಿ ಕಲ್ಲನ್ನು ಒಂದೊಂದಾಗಿ ನೋಡಿ ಆರಿಸುವವರಿರಲಿಲ್ಲ. ಊರಿನ ಗಾಳಿಯಲ್ಲೋ ಕಲ್ಲಿದ್ದಲ ಹೊಗೆಯ ಆಮ್ಲ. ಲ್ಯಾಬಿಗೆ ಹೋದ ತುಂಡು ಒಳ್ಳೆಯದಾಗಿದ್ದರೆ ಲಾರಿಯಲ್ಲಿ ಬಂದದ್ದೂ ಒಳ್ಳೆಯದೆಂದು ಹೇಳಲಾಗದು ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ. ಆದ್ದರಿಂದ ಕಿವಿ ಮತ್ತು ಯಂತ್ರ ಎರಡೂ ಬೇಕು: ಯಂತ್ರ ಕ್ವಾರಿಯನ್ನು ಆರಿಸಲಿ, ಕಿವಿ ಕಲ್ಲನ್ನು ಆರಿಸಲಿ.

ಅಂಕಿಯ ಮೇಲಿನ ವಿಶ್ವಾಸ ಆಮೇಲೂ ಬೆಳೆಯಿತು, ಅದು ಒಳ್ಳೆಯದೇ ಆಯಿತು. ಕಿರ್ಕಾಲ್ಡಿ ಎಂಬ ಸ್ಕಾಟ್ಲೆಂಡಿನ ಎಂಜಿನಿಯರ್ 1874ರಲ್ಲಿ ಲಂಡನ್ನಿನ ಸದರ್ಕ್‌ನಲ್ಲಿ ತೆರೆದ ಪರೀಕ್ಷಾಲಯದ ಬಾಗಿಲ ಮೇಲೆ ಅಭಿಪ್ರಾಯ ಬೇಡ, ಸಂಗತಿ ಬೇಕು ಎಂಬರ್ಥದ ಮಾತನ್ನು ಕೆತ್ತಿಸಿದ. ನಮ್ಮಲ್ಲಿ 1912ರಲ್ಲಿ ಕಲ್ಕತ್ತೆಯ ಆಲಿಪುರದಲ್ಲಿ ಸರ್ಕಾರಿ ಪರೀಕ್ಷಾಲಯ ಶುರುವಾಯಿತು. ಈಗ ಜಾರಿಯಲ್ಲಿರುವ ವಿಧಾನ ಭಾರತೀಯ ಮಾನಕದ್ದು. ಅದರಲ್ಲಿ ನನಗೆ ಮೆಚ್ಚುಗೆಯಾದ ಒಂದು ಅಂಶವಿದೆ: ಒಂದು ಪಾಲು ತುಂಡುಗಳನ್ನು 105 ಡಿಗ್ರಿಯ ಒಲೆಯಲ್ಲಿ 24 ಗಂಟೆ ಒಣಗಿಸಿ ಒಡೆಯಬೇಕು, ಇನ್ನೊಂದು ಪಾಲನ್ನು 72 ಗಂಟೆ ನೀರಿನಲ್ಲಿ ಮುಳುಗಿಸಿ ಒಡೆಯಬೇಕು. ಪದರವಿರುವ ಕಲ್ಲಾದರೆ ಪದರಕ್ಕೆ ಅಡ್ಡವಾಗಿಯೂ ಉದ್ದವಾಗಿಯೂ ಒಡೆದು ನೋಡಬೇಕು. ಹಾಗಾಗಿ ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಕಲ್ಲು ಒಯ್ದಾಗ ಬರೀ ಸ್ಟ್ರೆಂಗ್ತ್ ಎಷ್ಟು ಎಂದು ಕೇಳಿ ಬರಬೇಡಿ. ನೆಂದಾಗಿನ ಅಂಕಿ ಬೇಕೆಂದು ಹೇಳಿ. ಚಿರೆಕಲ್ಲಿಗೆ ಇನ್ನೊಂದು ಕಿವಿಮಾತು: ಮಾನಕದ ತುಂಡು ಐದು ಸೆಂ.ಮೀ. ಘನ, ಚಿರೆಕಲ್ಲಿನ ತೂತುಗಳೇ ಕೆಲವೊಮ್ಮೆ ಒಂದೆರಡು ಸೆಂ.ಮೀ. ಅಷ್ಟು ಸಣ್ಣ ತುಂಡಿನಲ್ಲಿ ತೂತು ತಪ್ಪಿದರೆ ಅಂಕಿ ಹಾರುತ್ತದೆ, ತೂತು ಸಿಕ್ಕರೆ ಬೀಳುತ್ತದೆ. ಇಡೀ ಕಲ್ಲನ್ನೇ ಒಡೆಯಿಸಿ, ಕನಿಷ್ಠ ಮೂರು ಒಣಗಿದ್ದು ಮೂರು ನೆಂದದ್ದು.

ಮೂರನೆಯದು ನೀರು ಮತ್ತು ತಕ್ಕಡಿ. ಒಂದೇ ಪರೀಕ್ಷೆ ಮಾಡುವಷ್ಟು ಪುರಸೊತ್ತು ಇರುವವರಿಗೆ ನಾನು ಹೇಳುವುದು ಇದನ್ನೇ. ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿ ಇದ್ದರೆ ಸಾಕು. ಬೇರೆ ಬೇರೆ ವರಸೆಯಿಂದ ಎರಡು ಕೆ.ಜಿ. ಆಸುಪಾಸಿನ ಐದಾರು ಚೂರು ತನ್ನಿ. ಬಚ್ಚಲ ಒಲೆಯ ಪಕ್ಕ ಇಟ್ಟು ದಿನವೂ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಬರೆದುಕೊಳ್ಳಿ. ಆಮೇಲೆ ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಮೇಲ್ಮೈ ಒರೆಸಿ, ಮತ್ತೆ ತೂಗಿ. ಒಣಗಿದಾಗ 2,000 ಗ್ರಾಂ ಇದ್ದದ್ದು 2,200 ಆಯಿತೆಂದರೆ ನೀರು ಕುಡಿದದ್ದು ಶೇಕಡಾ 10. ಜಂಬಿಟ್ಟಿಗೆಗೆ 1979ರ ಮಾನಕದ ಮಿತಿ ಶೇಕಡಾ 12. ನಮ್ಮ ಬಿದ್ದ ಗೋಡೆಯ ಕಲ್ಲು ಮಿತಿ ದಾಟಿತ್ತು. ಅದೇ ಕ್ವಾರಿಯ ಮೇಲಿನ ವರಸೆಯದು ಮಿತಿಯೊಳಗೇ ಉಳಿಯಿತು. ತೂಕ ನೋಡಿದ ಮೇಲೆ ಬಕೆಟ್ಟಿನ ತಳವನ್ನೂ ನೋಡಿ. ಬಿಳಿ ಕೆಸರು ಕೂತಿದ್ದರೆ ಆ ಕಲ್ಲು ನೀರು ಕುಡಿಯುವುದಷ್ಟೇ ಅಲ್ಲ, ಕರಗುತ್ತಲೂ ಇದೆ.

ಮಾನಕದಲ್ಲಿ ಇನ್ನೊಂದು ಪರೀಕ್ಷೆ ಇದೆ. ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ಅದ್ದಿ, ಒಣಗಿಸಿ, ಹೀಗೆ 30 ಸಲ. ಫ್ರಾನ್ಸಿನ ಬ್ರಾರ್ ಎಂಬವನು 1820ರ ದಶಕದಲ್ಲಿ ಹಿಮಕ್ಕೆ ಕಲ್ಲು ಸೀಳುವುದನ್ನು ಉಪ್ಪಿನ ಹರಳಿನಿಂದ ಅನುಕರಿಸಲು ಹುಡುಕಿದ ಉಪಾಯ ಇದರ ಮೂಲ. ಮಲೆನಾಡಿನಲ್ಲಿ ಹಿಮವೆಲ್ಲಿ ಎಂದು ನಾನೂ ಬದಿಗಿಟ್ಟಿದ್ದೆ. ಕೊಟ್ಟಿಗೆಯ ಗೋಡೆ ಬುಡದಲ್ಲಿ ಬಿಳಿ ಉಪ್ಪು ಹೊಮ್ಮಿದ್ದು ನೋಡಿದ ಮೇಲೆ ಅರ್ಥವಾಯಿತು. ಗಂಜಲ, ಗೊಬ್ಬರದ ಲವಣ ಗೋಡೆ ಏರಿ, ಬೇಸಿಗೆಯಲ್ಲಿ ಹರಳಾಗಿ, ಕಲ್ಲಿನ ಸಿಪ್ಪೆ ಎಬ್ಬಿಸುತ್ತದೆ. ಬ್ರಾರ್‌ನ ಪರೀಕ್ಷೆಯನ್ನು ನಮ್ಮ ದನಗಳು ಹದಿನಾಲ್ಕು ವರ್ಷ ಮಾಡಿದ್ದವು.

ಹಾಗಾದರೆ ಎಲ್ಲಿಗೆ ಯಾವುದು?

ಪಾಯಕ್ಕೆ ಕರಿಕಲ್ಲು, ಎರಡು ಮಾತಿಲ್ಲ. ಅಲ್ಲಿ ನಿಮಗೆ ಬೇಕಿರುವುದು ಅದರ 1,000 ಕೆ.ಜಿ. ಬಲವಲ್ಲ, ನೀರನ್ನು ಮೇಲೆ ಏರಗೊಡದ ಗುಣ. ನೆಲದಿಂದ ಎರಡು ಅಡಿವರೆಗೆ ಸೈಜುಗಲ್ಲು ಕಟ್ಟಿ, ಮೇಲೆ ಥಂಡಿ ತಡೆಯುವ ಕಾಂಕ್ರೀಟ್ ಪಟ್ಟಿ ಹಾಕಿ. ಸೂರಿನ ನೀರು ಅಂಗಳಕ್ಕೆ ಬಿದ್ದು ಎಗರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರ.

ಅದರ ಮೇಲಿನ ಗೋಡೆಗೆ, ಹೆಂಚಿನ ಮಾಡು ಇದ್ದರೆ, ನನ್ನ ಮತ ಚಿರೆಕಲ್ಲಿಗೆ. ಒಂದೊಂದು ಕಲ್ಲು ಮೂವತ್ತು ಕೆ.ಜಿ. ಸುಮಾರು, ಇಬ್ಬರು ಎತ್ತಿಕೊಂಡು ಸಲೀಸಾಗಿ ಇಡುತ್ತಾರೆ, ಬಾಗಿಲು ಕಿಟಕಿಗೆ ಬೇಕಾದಂತೆ ಕಡಿಯಬಹುದು, ಮನೆಯೊಳಗೆ ತಂಪು. ಸೂರು ಮಾತ್ರ ಅಗಲವಾಗಿರಲಿ. ಮೂರಡಿ ಚಾಚಿದ ಸೂರು ಲ್ಯಾಬಿನ ಯಾವ ಸರ್ಟಿಫಿಕೇಟಿಗಿಂತಲೂ ಹೆಚ್ಚು ವರ್ಷ ಗೋಡೆ ಕಾಯುತ್ತದೆ. ಪ್ಲಾಸ್ಟರ್ ಬೇಕೇ ಬೇಕೆಂದರೆ ಸುಣ್ಣದ ಗಾರೆ ಮಾಡಿಸಿ. ಸಿಮೆಂಟ್ ಪ್ಲಾಸ್ಟರಿನ ಹಿಂದೆ ಸಿಕ್ಕಿಕೊಂಡ ತೇವ ಹೊರಗೆ ಬರಲು ದಾರಿಯಿಲ್ಲದೆ ಕಲ್ಲನ್ನೇ ತಿನ್ನುತ್ತದೆ.

ಎರಡು ಅಂತಸ್ತು, ತಾರಸಿ ಎಂದಾದರೆ ಚಿರೆಕಲ್ಲನ್ನು ನೆಂದಾಗಿನ ಅಂಕಿ ಕೈಯಲ್ಲಿಲ್ಲದೆ ಬಳಸಬೇಡಿ. ಅಂಕಿ ಸಿಗದಿದ್ದರೆ ಕಾಂಕ್ರೀಟ್ ಕಂಬ ತೊಲೆ ಭಾರ ಹೊರಲಿ, ನಡುವೆ ಚಿರೆಕಲ್ಲೋ ಬ್ಲಾಕೋ ತುಂಬಿಕೊಳ್ಳಿ. ಆಗ ಯಾವುದು ಅಗ್ಗವೋ ಅದು.

ಧರೆಗೆ, ಅಂದರೆ ಕಡಿದ ಗುಡ್ಡದ ಬದಿಗೆ, ಆನಿಸಿ ಕಟ್ಟುವ ಗೋಡೆಗೆ ಚಿರೆಕಲ್ಲು ಬೇಡವೇ ಬೇಡ. ಧರೆಯಿಂದ ಮಳೆಗಾಲವಿಡೀ ಒರತೆ ಒಸರುತ್ತದೆ, ಗೋಡೆಯ ಬೆನ್ನು ಒಣಗುವುದೇ ಇಲ್ಲ. ಕರಿಕಲ್ಲಿನಲ್ಲಿ ಗಾರೆಯಿಲ್ಲದೆ, ಧರೆಯ ಕಡೆಗೆ ಓರೆಯಾಗಿ ಕಟ್ಟಿಸಿ, ನೀರು ಸಂದಿನಲ್ಲಿ ಹರಿದುಹೋಗಲಿ. ಗಾರೆ ಹಾಕಲೇಬೇಕೆಂದರೆ ನೀರು ಇಳಿಯಲು ಪೈಪು ಬಿಡಿ, ಹಿಂದೆ ಜಲ್ಲಿ ತುಂಬಿಸಿ.

ಕೊಟ್ಟಿಗೆಗೆ, ಬಚ್ಚಲಿಗೆ ನಾಲ್ಕಡಿವರೆಗೂ ಕರಿಕಲ್ಲು. ಖರ್ಚು ಹೆಚ್ಚು, ಗೊತ್ತು. ನಾವು ಎರಡು ಸಲ ಕಟ್ಟಿದ ಖರ್ಚಿಗಿಂತ ಕಡಿಮೆ.

ಚಿರೆಕಲ್ಲು ಕೊಳ್ಳುವ ಕಾಲವೂ ಆಯ್ಕೆಯ ಒಂದು ಭಾಗ. ಈ ಬೇಸಿಗೆಯಲ್ಲಿ ಕಡಿಸಿ, ಅಂಗಳದಲ್ಲಿ ಗಾಳಿಯಾಡುವಂತೆ ಒಟ್ಟಿ, ಒಂದು ಮಳೆಗಾಲ ಹಾಗೇ ನೆನೆಯಲು ಬಿಟ್ಟು, ಮುಂದಿನ ಬೇಸಿಗೆಗೆ ಕಟ್ಟಿ. ಮಳೆ ತಾನೇ ಪರೀಕ್ಷೆ ಮಾಡಿ ಮುಗಿಸಿರುತ್ತದೆ. ಮೂಲೆ ಕರಗಿದ್ದು, ಸಿಪ್ಪೆ ಎದ್ದದ್ದು ಎಣಿಕೆಗೇ ಸಿಗುತ್ತದೆ. ಕ್ವಾರಿಯವರೊಡನೆ ಮೊದಲೇ ಮಾತಾಡಿಕೊಳ್ಳಬೇಕಾದ್ದು ಎರಡೇ: ಮೇಲಿನ ಮೂರು ನಾಲ್ಕು ವರಸೆಯ ಕಲ್ಲು ಮಾತ್ರ, ಮತ್ತು ಲಾರಿಯಿಂದ ಇಳಿಸುವಾಗ ಮೇಸ್ತ್ರಿ ಬೇಡವೆಂದದ್ದು ಅದೇ ಲಾರಿಯಲ್ಲಿ ವಾಪಸ್. ಇಷ್ಟನ್ನು ರಸೀದಿಯ ಹಿಂದೆ ಬರೆಸಿಕೊಳ್ಳಿ. ಹೋದ ವರ್ಷ ತರಿಸಿದ ಕಲ್ಲು ಈಗ ನಮ್ಮ ಬಾವಿಕಟ್ಟೆಯ ಪಕ್ಕ ಪಾಚಿಗಟ್ಟಿಕೊಂಡು ನಿಂತಿದೆ. ಕೊಡೆ ಹಿಡಿದುಕೊಂಡು ಹೋಗಿ ತಟ್ಟಿದರೆ ಪುಷ್ಯ ಮಳೆಯ ನಡುವೆಯೂ ಖಣ್ ಎನ್ನುತ್ತದೆ.